ಶಿಶಿಕ್ಷು ಎಂಬ ಶಬ್ದ

ಸರಕಾರ ತಾನಾಗಿ ಬಾಗಿಲಿಗೆ ಬಂದು ಏನಾದರೂ ಕೊಡುತ್ತೇನೆ ಅಂದರೆ ನಾನು ಮೊದಲು ನನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಶಹಾಬಾದಿನಲ್ಲಿ ನನ್ನದೊಂದು ಲೇತ್ ಅಂಗಡಿ. ಕಲ್ಲು ಕೊಯ್ಯುವ ಮಶೀನುಗಳಿಗೆ ಶಾಫ್ಟು, ಬುಶ್ಶು ಮಾಡಿಕೊಡುತ್ತೇನೆ. ಹೋದ ವರ್ಷ ಒಬ್ಬ ಅಧಿಕಾರಿ ಬಂದ. ಐಟಿಐ ಮುಗಿಸಿದ ಒಬ್ಬರಿಗೆ ಕೆಲಸ ಕಲಿಸಿದರೆ ಅವರ ಸಂಬಳದಲ್ಲಿ ಸರಕಾರವೂ ಒಂದು ಪಾಲು ಕೊಡುತ್ತದೆ ಎಂದವನೇ ಫಾರಂ ಇಟ್ಟು, ಚಹಾ ಸಹ ಕುಡಿಯದೆ ಹೋದ. ಚಹಾ ಬೇಡ ಅನ್ನುವ ಅಧಿಕಾರಿಯನ್ನು ನಂಬುವುದು ಹೇಗೆ?

ಫಾರಂ ಓದಿದೆ. ಸಾಲುಸಾಲಿಗೂ ‘ಶಿಶಿಕ್ಷು’ ಅಂತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ‘ಶಿಶು’ ಮಾತ್ರ. ಮಕ್ಕಳನ್ನು ದುಡಿಸಿದರೆ ಕೇಸು ಹಾಕುತ್ತಾರೆಂದು ಯಾರಿಗೆ ಗೊತ್ತಿಲ್ಲ? ನನ್ನ ಸೈನ್ ತಗೊಂಡು ನನ್ನನ್ನೇ ಸಿಕ್ಕಿಸಲು ಇದೊಂದು ಹಂಚಿಕೆ ಎಂದುಕೊಂಡೆ.

ವಾರದೊಳಗೆ, ಅದೇ ಅಧಿಕಾರಿ ಕಳಿಸಿದ ಒಬ್ಬ ಹುಡುಗಿ ನಾಲವಾರದಿಂದ ರೈಲು ಹತ್ತಿ ಬಂದಳು. ಐಟಿಐಯಲ್ಲಿ ಟರ್ನರ್, ಅಂದರೆ ಲೇತ್ ಕೆಲಸ ಕಲಿತವಳು. ಎಲ್ಲಾದರೂ ಒಂದು ವರ್ಷ ಕೈಯಾರೆ ಕೆಲಸ ಮಾಡಿದರೇ ಅವಳಿಗೆ ಮುಂದಿನ ಸರ್ಟಿಫಿಕೇಟು. ತಿಂಗಳೊಳಗೆ ಆ ಫಾರಂಗೆ ನನ್ನ ಸೈನ್ ಆಗಬೇಕು ಎಂದಳು. ಅವಸರ ಮಾಡಿದಷ್ಟೂ ನನ್ನ ಸಂಶಯ ಬಲಿಯಿತು. ಇಪ್ಪತ್ತು ವಯಸ್ಸಂತೆ, ನಾಳೆ ಹದಿನಾಲ್ಕು ಅಂತ ಇನ್ನೊಂದು ಕಾಗದ ಹುಟ್ಟಿಸಿದರೆ? ಮಾರ್ಕ್ಸ್ ಕಾರ್ಡ್ ಕೇಳಿದೆ, ತಂದಳು. ಅಸಲನ್ನೇ ನನ್ನ ಹತ್ತಿರ ಇಟ್ಟುಕೊಂಡೆ. ಹುಟ್ಟಿದ ದಾಖಲೆ ಕೇಳಿದೆ, ಅದೂ ಬಂತು. ಆಮೇಲೆ ಅಪ್ಪನನ್ನು ಕರೆದುಕೊಂಡು ಬಾ ಎಂದೆ.

ಮುಂದಿನ ಸಲವೂ ಒಬ್ಬಳೇ ಬಂದಳು.

“ಕಾಕಾ, ನಿಮಗ ಡೌಟ್ ನನ್ನ ಮ್ಯಾಲೋ, ಕಾಗದದ ಮ್ಯಾಲೋ?”

ಫಾರಂ ತೆಗೆದು ಆ ಶಬ್ದದ ಮೇಲೆ ಬೆರಳಿಟ್ಟೆ. “ಇದ ನೋಡು. ಶಿಶು ಅಂದ್ರ ಸಣ್ಣ ಕೂಸಲ್ಲೇನು?”

“ಅದು ಶಿಶು ಅಲ್ರಿ, ಶಿಶಿಕ್ಷು. ಕೆಲಸ ಕಲೀಲಿಕ್ಕ ಬಂದವ್ರು. ಅಪ್ರೆಂಟಿಸ್ ಅಂತಾರಲ್ರಿ, ಅದೇ.”

ಅಪ್ರೆಂಟಿಸ್ ಅಂತ ಬರೆದಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ! ಆ ಸಾಹೇಬ ಒಂದು ಗಳಿಗೆ ಕೂತು ಬಿಡಿಸಿ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಿಟ್ಟು ಬಂತು. ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು.

“ಪೆನ್ ತಾ ಇಲ್ಲಿ, ಈಗೇ ಸೈನ್ ಮಾಡ್ತೀನಿ,” ಎಂದೆ.

“ನಿನ್ನೆನೇ ಆಖ್ರಿ ದಿನ ಇತ್ರಿ. ನಾ ಕಾರ್ಡ್ ವಾಪಸ್ ಒಯ್ಲಿಕ್ಕ ಬಂದೀನಿ.”

ಕಪಾಟಿನಿಂದ ಕಾರ್ಡ್ ತೆಗೆದುಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ತನ್ನದೇ ಹೌದೋ ಅಲ್ಲವೋ ಎಂದು ನೋಡಿಕೊಂಡಳು.