ಅತ್ತೆ ನೋಡದ ವಿಡಿಯೊ

ಶೆಟ್ಟಿಕೆರೆ ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದವರೂ "ವಿಡಿಯೊ ಮಾಡೋರು ನೀವೇ ಅಲ್ವಾ?" ಎಂದು ಮಾತಾಡಿಸುತ್ತಿದ್ದರು. ಮನೆಯಲ್ಲಿ ನಮ್ಮ ಅತ್ತೆ ಮಾತ್ರ ನನ್ನ ಚಾನೆಲ್ ನೋಡುತ್ತಿರಲಿಲ್ಲ. ಅದೊಂದು ನನ್ನ ಹೊಟ್ಟೆ ಉರಿಸುತ್ತಿತ್ತು. ಊಟವಾದ ಮೇಲೆ ಜಗಲಿಯಲ್ಲಿ ಮೊಬೈಲು ಹಿಡಿದು ಕೂತರೆ ಅವರಿಗೆ ಯಾರದೋ ಮನೆಯ ರೊಟ್ಟಿ, ಯಾವನೋ ಲಾರಿ ಡ್ರೈವರನ ಹರಟೆ ಎಲ್ಲ ಬೇಕು. ನನ್ನ ಮುಖ ಬಂದರೆ ಬೆರಳು ಸರ್ರನೆ ಮೇಲಕ್ಕೆ!

ನಾನೇನು ಕಡಿಮೆ ಕಸರತ್ತು ಮಾಡಿದೆನೇ? "ಹಾಯ್ ಫ್ರೆಂಡ್ಸ್" ಎಂದು ಹಲ್ಲು ಕಿರಿದೆ. ಮಾತೇ ಆಡದೆ ಬರೀ ಅಡುಗೆ ತೋರಿಸಿದೆ. ತಿಪಟೂರಿನ ಸಂತೆಯಲ್ಲಿ ಮೊಬೈಲು ಎತ್ತಿ ಹಿಡಿದು ನಡೆದು, ಸೊಪ್ಪಿನವಳ ಬುಟ್ಟಿ ಎಡವಿ ಚೆನ್ನಾಗಿ ಬೈಸಿಕೊಂಡೆ. ಅದನ್ನೂ ಹಾಕಿದೆ. ಜನ ಬಿದ್ದು ಬಿದ್ದು ನಕ್ಕರು, ಅತ್ತೆ ನೋಡಲಿಲ್ಲ.

ಅಟ್ಟದಿಂದ ಒಣಗಿದ ಕಾಯಿ ಇಳಿಸಿ ಕೊಬ್ಬರಿ ಮಾಡುವ ದಿನ ಬಂತು. ಸುಲಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಣಗಿದ್ದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನುತ್ತದೆ, ಆಮೇಲೇ ಒಡೆಯುವುದು; ನೀರು ಕುಲುಕುವ ಕಾಯಿ ಒಡೆದರೆ ಕೊಬ್ಬರಿ ಕೆಟ್ಟಂತೆ. ಎಲ್ಲ ಚಿತ್ರೀಕರಿಸಿ, ಕುಣಿಯುವಂಥ ಹಾಡೊಂದು ಸೇರಿಸಿ ಹಾಕಿ, ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ನೋಡಿದರು! ಕಾಯಿ ಅಲ್ಲಾಡಿಸುವ ತನಕ. ಆಮೇಲೆ ಅದೇ ಸರ್ರನೆ.

ನನಗೆ ತಡೆಯಲಾಗಲಿಲ್ಲ. "ಅತ್ತೆ, ಕಂಡೋರ್ ಮನೇದೆಲ್ಲ ನೋಡ್ತೀರಲ್ಲ, ನಂದೇನ್ ಪಾಪ ಮಾಡೈತೆ?" ಎಂದು ರೇಗಿದೆ.

"ಅಯ್ಯೋ ಸುಮ್ಕಿರೇ! ಕಾಯ್ ಅಲ್ಲಾಡುಸ್ತೀಯ, ಹಾಡ್ ಬಡ್ಕೊತೈತೆ. ಒಣಗೈತೋ, ನೀರೈತೋ ಹೆಂಗ್ ಗೊತ್ತಾಗ್ಬೇಕು? ಗೊತ್ತಾಗ್ದಂಗೆ ಒಡೆಯಾದ್ ನೋಡುದ್ರೆ ಎದೆ ಧಸಕ್ ಅಂತೈತೆ ಕಣೇ."

ಕೋಪ ಹೋಗಿ ನಗು ಉಕ್ಕಿತು. ಕೊಬ್ಬರಿಯ ನಡುವೆಯೇ ಹುಟ್ಟಿ ಬೆಳೆದ ನಾನು ಕೊಬ್ಬರಿಯ ಬಾಯಿಗೇ ಬಟ್ಟೆ ತುರುಕಿದ್ದೆ! ಸಂಜೆಯೇ ಹಾಡು ಕಿತ್ತುಹಾಕಿ, ಬರೀ ಕಾಯಿಯ ಸದ್ದಿಟ್ಟು ಮತ್ತೆ ಹಾಕಿದೆ.

ಮರುದಿನ ಜಗಲಿಯಿಂದ ಲೊಡಲೊಡ ಕೇಳಿಸಿತು. ಇಣುಕಿದೆ. ಅತ್ತೆ ಮೊಬೈಲನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಒಂದೊಂದು ಕಾಯಿಗೂ "ಹೂಂ, ಒಡಿ" ಎಂದು ನನಗೆ ಅಪ್ಪಣೆ ಕೊಡುತ್ತಿದ್ದರು. ಇದ್ದಕ್ಕಿದ್ದಂತೆ ಕೂಗಿದರು: "ಬ್ಯಾಡ ಬುಡೇ, ಅದ್ರಾಗ್ ನೀರೈತೆ!"

ವಿಡಿಯೊದಲ್ಲಿ ನಾನು ಅದನ್ನು ಒಡೆದೇ ಬಿಟ್ಟೆ.

"ಹೇಳುದ್ರೆ ಕೇಳ್ತಾಳಾ ಇವ್ಳು!" ಎಂದು ಮೊಬೈಲಿಗೆ ಬೈದರು. ಬೈಯುತ್ತಲೇ ಕೊನೆಯವರೆಗೂ ಕೇಳಿದರು. ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ನನಗೆ ನೆನಪಿಲ್ಲ.