ಅವ್ವನ ಚೀಲದಲ್ಲಿ ನನ್ನ ಸ್ಕ್ಯಾನ್

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಅವ್ವ ಮತ್ತು ನಾನು ಮೂಗೂರಿನಲ್ಲಿ ಬಸ್ ಹತ್ತಿದೆವು. ಸ್ಕ್ಯಾನ್ ಕವರಿನ ಮೇಲೆ ನನ್ನ ಹೆಸರು, ವಯಸ್ಸು ಇಪ್ಪತ್ತೇಳು ಎಂದಿತ್ತು. ಹೆಸರು ಕಾಣದಂತೆ ಅವ್ವ ಅದನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಳು. ಮದುವೆಯಾಗದ ಹುಡುಗಿಯ ಗರ್ಭಕೋಶದಲ್ಲಿ ಗಡ್ಡೆ ಎಂದು ಊರಿಗೆ ತಿಳಿಯಬಾರದು. ಯಾರು ಕೇಳಿದರೂ ಗಡ್ಡೆ ತನಗೇ ಎನ್ನುವುದು ಅವಳ ಏರ್ಪಾಡು. ನಾನೂ ಒಪ್ಪಿದ್ದೆ.

ಸ್ಕ್ಯಾನ್ ಮಾಡಿದವರು ಆಪರೇಷನ್ ಆಗಬೇಕು ಎಂದಷ್ಟೇ ಹೇಳಿದ್ದರು. ಗರ್ಭಕೋಶ ಉಳಿಯುತ್ತದೆಯೇ ಎಂದು ಕೇಳಲು ನಂಜನಗೂಡಿನ ಡಾಕ್ಟರ ಬಳಿ ಹೊರಟಿದ್ದೆ.

ತಿ. ನರಸೀಪುರದಲ್ಲಿ ಬಸ್ ಬದಲಾಯಿಸಿದೆವು. ಆಧಾರ್ ತೋರಿಸಿದ ಮೇಲೆ ಸೊನ್ನೆ ರೂಪಾಯಿಯ ಟಿಕೆಟ್. ನಂಜನಗೂಡಿನ ಹತ್ತಿರದ ತಾಂಡ್ಯದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುವ, ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮ ಅವ್ವನ ಪಕ್ಕ ಕೂತು ಎಲ್ಲಿಗೆಂದು ಕೇಳಿದಳು. ಅವ್ವ ತನಗೇ ಗಡ್ಡೆ ಎಂದಳು.

"ಗರ್ಬಕೋಸಾನೇ ತೆಗ್ಸಾಕ್ಬುಡು ಕಣಕ್ಕ. ಎಲ್ಡು ಮಕ್ಳಾಯ್ತು, ಇನ್ಯಾಕದು? ನಾನು ತೆಗ್ಸಿ ಐದ್ ವರ್ಸ ಆಯ್ತು."

ಅವ್ವ ತಲೆಯಾಡಿಸಿದಳು. ನಾನು ಕಿಟಕಿಯಾಚೆಯ ಗದ್ದೆ ನೋಡುತ್ತಿದ್ದೆ.

ನಂಜನಗೂಡಿನಲ್ಲಿ ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ಹೇಳಿದರು. ಏಳು ಸೆಂಟಿಮೀಟರಿನ ಒಂದೇ ಗಡ್ಡೆ. ಗರ್ಭಕೋಶವನ್ನೇ ತೆಗೆದರೆ ಕಾಟ ಪೂರ್ತಿ ಮುಗಿಯುತ್ತದೆ, ಆದರೆ ನನಗೆ ಅದರ ಅಗತ್ಯವಿಲ್ಲ. ಸಣ್ಣ ನಳಿಕೆ ತೂರಿಸಿ ಗಡ್ಡೆಗೆ ಹೋಗುವ ರಕ್ತ ನಿಲ್ಲಿಸಬಹುದು. ಹೊಟ್ಟೆ ಕೊಯ್ಯುವುದಿಲ್ಲ, ಬೇಗ ಕೆಲಸಕ್ಕೆ ಹೋಗಬಹುದು, ಆದರೆ ಮುಂದೆ ಬಸಿರಿಗೆ ತೊಂದರೆಯಾಗದು ಎಂದು ಖಾತ್ರಿ ಕೊಡಲಾಗದು. ಅಲ್ಟ್ರಾಸೌಂಡಿನ ಶಾಖದಿಂದ ಕರಗಿಸುವುದೂ ಉಂಟು. ದೊಡ್ಡ ಊರುಗಳಲ್ಲಿ ಮಾತ್ರ, ಎಲ್ಲರಿಗೂ ಹೊಂದುವುದಿಲ್ಲ. ಗಡ್ಡೆಯನ್ನಷ್ಟೇ ಕೊಯ್ದು ತೆಗೆದರೆ ಗರ್ಭಕೋಶ ಉಳಿಯುತ್ತದೆ; ಕೆಲವು ವಾರ ವಿಶ್ರಾಂತಿ ಬೇಕು, ಗಡ್ಡೆ ಮತ್ತೆ ಬರಲೂಬಹುದು.

ಮಕ್ಕಳು ಬೇಕೇ ಎಂದು ಕೇಳಿದರು. ಈಗ ಗೊತ್ತಿಲ್ಲ ಎಂದೆ.

"ಗೊತ್ತಿಲ್ಲ ಅಂದ್ರೆ ಬೇಕು ಅಂತ್ಲೇ ಬರ್ಕೋತೀನಿ" ಎಂದರು. ಗಡ್ಡೆ ಮಾತ್ರ ತೆಗೆಯುವುದೆಂದಾಯಿತು. ನನ್ನ ಹಿಮೋಗ್ಲೋಬಿನ್ ಎಂಟೇ ಇತ್ತು. ಮೊದಲು ಒಂದು ತಿಂಗಳು ಕಬ್ಬಿಣದ ಮಾತ್ರೆ.

ಬಸ್ ನಿಲ್ದಾಣದ ಬಳಿ ಇಡ್ಲಿ ತಿಂದೆವು. ರಸಬಾಳೆ ಎಂದು ಮಾರುತ್ತಿದ್ದ ಹಣ್ಣನ್ನು ಅವ್ವ ಮೂಸಿ ನೋಡಿ, ಅಲ್ಲ ಎಂದು ಬಿಟ್ಟಳು.

ಎರಡೂವರೆಯ ಬಸ್ಸಿನಲ್ಲಿ ಪುಟ್ಟತಾಯಮ್ಮ ಮತ್ತೆ ಸಿಕ್ಕಳು. ಶನಿವಾರ ಅವಳಿಗೆ ಅರ್ಧ ದಿನ. ಒಂದು ತಿಂಗಳ ನಂತರ ಆಪರೇಷನ್ ಎಂದು ಅವ್ವ ಹೇಳಿದಳು.

"ಆಸ್ಪತ್ರೇಲಿ ನಿನ್ ಜೊತೆ ನಾನೇ ಇರ್ತೀನಿ ಕಣಕ್ಕ. ನಾಕ್ ದಿನ ರಜ ಆಕ್ತೀನಿ."

ಅವಳು ರಜೆ ಹಾಕಿದರೆ ಸಂಬಳ ಕಡಿತವೆಂದು ನನಗೆ ಗೊತ್ತಿತ್ತು. ಅವ್ವ ನನ್ನ ಕಡೆ ನೋಡಿದಳು.

"ಗಡ್ಡೆ ಇರೋದು ಅವ್ವಂಗಲ್ಲ, ನಂಗೆ" ಎಂದೆ.

ಪುಟ್ಟತಾಯಮ್ಮ ಅವ್ವನನ್ನೂ ನನ್ನನ್ನೂ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ನೀನ್ ಗರ್ಬಕೋಸ ತೆಗ್ಸಬ್ಯಾಡ ಕಣ್ ಮಗ. ಗಡ್ಡೆ ಮಾತ್ರ ತೆಗ್ಸು. ಎಷ್ಟ್ ದಿನ ಆದ್ರೂ ಆಗ್ಲಿ, ನಾನ್ ಬತ್ತೀನಿ."

"ಬೆಳಿಗ್ಗೆ ನಂದಾದ್ರೆ ತೆಗ್ಸಾಕು ಅಂದ್ಯಲ್ಲ" ಎಂದಳು ಅವ್ವ.

"ಸುಳ್ಳೇಳೋರ್ಗೆ ಅಷ್ಟೇಯ."

ಇಬ್ಬರೂ ನಕ್ಕರು. ಮೂಗೂರಿನಲ್ಲಿ ಇಳಿದಾಗ ಅವ್ವ ಕವರನ್ನು ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಹೆಸರು ಮೇಲೆ ಕಾಣುವಂತಿತ್ತು. ಮನೆಯವರೆಗೂ ಹಾಗೇ ಹಿಡಿದುಕೊಂಡು ಬಂದೆ.