ಮೇಲಧಿಕಾರಿಗಳ ಮುಖಾಂತರ

ಐವತ್ತಾರನೆಯ ವಯಸ್ಸಿನಲ್ಲಿ ನನ್ನನ್ನು ಒಬ್ಬರು ಹುಡುಕಿಕೊಂಡು ಬಂದರು. ಬಂದದ್ದು ಮನೆಯ ಬಾಗಿಲಿಗಲ್ಲ, ಉದ್ಯೋಗಸ್ಥರೆಲ್ಲ ತಂತಮ್ಮ ಗುಣಗಾನವನ್ನು ತಾವೇ ಮಾಡಿಕೊಳ್ಳುವ ಜಾಲತಾಣಕ್ಕೆ. 'ನಿಮ್ಮ ಅಪಾರ ಅನುಭವ ನಮ್ಮ ಗಮನ ಸೆಳೆದಿದೆ. ಹಿರಿಯ ಲೆಕ್ಕಾಧಿಕಾರಿಯ ಹುದ್ದೆಯೊಂದಿದೆ, ಆಸಕ್ತಿ ಇದೆಯೇ?' ಎಂದು ಯಾವುದೋ ನೇಮಕಾತಿ ಸಂಸ್ಥೆಯ ಹೆಣ್ಣುಮಗಳು ಬರೆದಿದ್ದಳು. ಮುಂಬಯಿಯ ಫೋರ್ಟ್ ಬಡಾವಣೆಯ ನಮ್ಮ ಆಫೀಸಿನಲ್ಲಿ ತಲೆ ನರೆಯುವವರೆಗೆ ಕೂತಿದ್ದರೂ ನನ್ನ ಅನುಭವ ಅಪಾರವೆಂದು ಯಾರಿಗೂ ಹೊಳೆದಿರಲಿಲ್ಲ. ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ನಿಂತು ಅದನ್ನೇ ಮತ್ತೆ ಮತ್ತೆ ಓದುತ್ತ, ಇಳಿಯಬೇಕಾದ ಮುಲುಂಡ್ ಬಂದದ್ದು ತಿಳಿಯದೆ ಮುಂದಿನ ಸ್ಟೇಷನ್ ಠಾಣೆಗೆ ಹೋಗಿಬಿಟ್ಟೆ.

ಮುಂಬಯಿಗೆ ಬರುವ ಮುನ್ನ ನಾನು ಕೆಲಸ ಕಲಿತದ್ದು ಮೈಸೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ. ಅಲ್ಲೊಂದು ನೇಮವಿತ್ತು. ಹೊರಗಿನ ಹುದ್ದೆಗೆ ಅರ್ಜಿ ಹಾಕುವವನು ಮೇಲಧಿಕಾರಿಗಳ ಮುಖಾಂತರವೇ ಹಾಕಬೇಕು. ಅವರು 'ಅಭ್ಯಂತರವಿಲ್ಲ' ಎಂದು ಸಹಿ ಮಾಡಿ ಮುಂದಕ್ಕೆ ಕಳಿಸುವರು, ಕೆಲವರು ಕಾಫಿಯನ್ನೂ ತರಿಸುವರು. ಬೆನ್ನ ಹಿಂದೆ ಕೆಲಸ ಹುಡುಕುವುದೆಂದರೆ ಎಂಜಲು ಕೈಯಲ್ಲಿ ಬಡಿಸಿದ ಹಾಗೆ. ಆದ್ದರಿಂದ ಆಕೆಗೆ ಒಪ್ಪಿಗೆ ಬರೆದು, ಅದರ ಒಂದು ಪ್ರತಿಯನ್ನು ನಮ್ಮ ಮ್ಯಾನೇಜರ ಸನ್ನಿಧಾನಕ್ಕೂ ಸವಿನಯವಾಗಿ ಸಲ್ಲಿಸಿದೆ.

ಮ್ಯಾನೇಜರು ನನ್ನ ಮಗಳ ವಾರಿಗೆಯವನು. "ಅರೇ ಅಂಕಲ್, ಬಹುತ್ ಅಚ್ಛಾ ಕಿಯಾ!" ಎಂದು ನಾನು ಮಾಡಿದ್ದನ್ನು ಮೆಚ್ಚಿಕೊಂಡ. ನನ್ನನ್ನು ಹೇಗೆ ಕಳಿಸುವುದೆಂದು ಕಂಪನಿಯವರೂ ಯೋಚಿಸುತ್ತಿದ್ದರಂತೆ. ಸಂಜೆಯೊಳಗೆ ನನ್ನ ಪತ್ರವನ್ನೇ ರಾಜೀನಾಮೆಯೆಂದು ಅಂಗೀಕರಿಸಿದ ಈಮೇಲ್ ಬಂತು. ಆ ಆಫೀಸಿನಲ್ಲಿ ನನ್ನ ಕಾಗದವೊಂದು ಅಷ್ಟು ಬೇಗ ವಿಲೇವಾರಿಯಾದದ್ದು ಅದೇ ಮೊದಲು.

ಜಾಲತಾಣದ ಹೆಣ್ಣುಮಗಳು ಮಾತ್ರ ಉತ್ತರಿಸಲೇ ಇಲ್ಲ. ಕಾಂದಿವಲಿಯ ಕಂಪನಿಯೊಂದಕ್ಕೆ ಮನೆಯಿಂದಲೇ ಜನ ಹುಡುಕಿಕೊಡುವ ನನ್ನ ಮಗಳನ್ನು ಕೇಳಿದೆ.

"ಅಪ್ಪಾ, ಅದು ನಿಮಗೇ ಅಂತ ಬರ್ದಿದ್ದಲ್ಲ. ಬಲ್ಕ್ ಮೆಸೇಜ್. ನಾನೂ ರೋಜ್ ಕಳಿಸ್ತೀನಿ, ನೂರಾರು ಜನಕ್ಕೆ, ಸಬ್ ಕೋ ಸೇಮ್."

"ಅಪಾರ ಅನುಭವ ಅಂತ ಬರೆದಿದ್ದಳಲ್ಲೇ?"

"ಟೆಂಪ್ಲೇಟ್ ಅಪ್ಪಾ. ಈಗಷ್ಟೇ ಪಾಸಾದ ಫ್ರೆಶರ್‌ಗೂ ಅದೇ ಹೋಗತ್ತೆ."

"ಕಟ್ಕೊಂಡೋಳ ಮಾತು ಒಂದು ದಿನ ನಂಬ್ಲಿಲ್ಲ, ಅವಳ್ಯಾರೋ ಹೇಳಿದ್ದು ನಂಬಿದ್ರು" ಎಂದು ಅಡಿಗೆಮನೆಯಿಂದ ಹೆಂಡತಿಯ ತೀರ್ಪು ಬಂತು.

ಆ ವ್ಯಾಪಾರದ ಧರ್ಮಸೂಕ್ಷ್ಮ ಮಗಳಿಂದಲೇ ತಿಳಿಯಿತು. ನಮ್ಮನ್ನು ಜಾಲಾಡಿ ಪತ್ರ ಕಳಿಸುವ ಹಕ್ಕಿಗೆ ಅವಳ ಕಂಪನಿ ಆ ಜಾಲತಾಣಕ್ಕೆ ವರ್ಷವರ್ಷ ಹಣ ಕಟ್ಟುತ್ತದೆ. ನಮ್ಮನ್ನು ಯಾರು ನೋಡಿದರೆಂದು ತಿಳಿಯಲು ನಾವು ತಿಂಗಳು ತಿಂಗಳು ಕಟ್ಟಬೇಕು. ಮದುವೆ ದಲ್ಲಾಳಿಯೂ ಎರಡೂ ಕಡೆ ಕೈಚಾಚುವವನೇ. ಆದರೆ ತಾಳಿ ಕಟ್ಟಿದ ಮೇಲೆ ಊಟ ಮಾಡಿ ಹೊರಡುತ್ತಾನೆ. ಜಾಲತಾಣದವರಿಗೆ ಲಾಭವಿರುವುದು ತಾಳಿ ಕಟ್ಟದೆ ಕಾಯುವವರಲ್ಲಿ.

ಇಷ್ಟು ಜ್ಞಾನೋದಯವಾದ ಮೇಲೂ ನಾನು ಕಟ್ಟಿದೆ. 'ನಿಮ್ಮನ್ನು ಯಾರೋ ನೋಡಿದ್ದಾರೆ' ಎಂದು ಮಸುಕು ಮುಖವೊಂದನ್ನು ದಿನವೂ ತೋರಿಸುತ್ತಿದ್ದರು, ತಡೆಯಲಾಗಲಿಲ್ಲ. ಹಣ ಸಂದಾಯವಾಯಿತು, ಮುಖ ತಿಳಿಯಾಯಿತು: ನಮ್ಮ ಮ್ಯಾನೇಜರು.

ನೋಟಿಸಿನ ಅವಧಿ ಮುಗಿದು ನಾನು ಮನೆಯಲ್ಲೇ ಇರತೊಡಗಿದೆ. ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ಮಗಳು ಮೇಜಿನ ಆ ಬದಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಯಾರಿಗೋ ಲೆಕ್ಕಿಗರನ್ನು ಹುಡುಕುತ್ತಿದ್ದಳು.

"ಅದರಲ್ಲಿ ನಾನು ಕಾಣ್ತೀನಾ?"

"ಛೋಡೋ ನಾ, ಅಪ್ಪಾ, ಯಾಕೆ ಬೇಕು ಅದು."

"ನೋಡು ಅಂದ್ರೆ ನೋಡೇ."

ಮಗಳು ಕೆಳಗೆ ಕೆಳಗೆ ಸರಿಸುತ್ತ ಹೋಗಿ ಒಂದು ಕಡೆ ನಿಂತಳು. "ಇದೀರಾ" ಎಂದಳು. ಎದ್ದು ಹೋಗಿ ಬಗ್ಗಿ ನೋಡಿದೆ. ಟೈ ಕಟ್ಟಿಕೊಂಡು, ಯಾರದೋ ಮದುವೆಯಲ್ಲಿ ತೆಗೆಸಿಕೊಂಡ ಫೋಟೋದಲ್ಲಿ, ಇದ್ದೆ. ಅವಳ ಗಿರಾಕಿ ಹೇಳಿದ್ದ ಷರತ್ತನ್ನು ಹಾಕುವುದು ಇನ್ನೂ ಬಾಕಿಯಿತ್ತು: ಅನುಭವ ಹನ್ನೆರಡು ವರ್ಷ ಮೀರಬಾರದು. ಅವಳ ಬೆರಳು ಆಡಲಿಲ್ಲ.

"ಹಾಕು. ನಿನ್ನ ಕೆಲಸ ಅಲ್ವಾ" ಎಂದೆ.

ಹಾಕಿದಳು. ಪಟ್ಟಿ ಮೊಟಕಾಯಿತು, ನಾನಿರಲಿಲ್ಲ. ನನ್ನ ಕಡೆ ತಿರುಗದೆ, ಉಳಿದವರಿಗೆ ಪತ್ರ ಕಳಿಸತೊಡಗಿದಳು. ತಟ್ಟೆಯಲ್ಲಿ ಇನ್ನೂ ಅನ್ನವಿತ್ತು. ಎತ್ತಿಕೊಂಡು ಒಳಗೆ ಹೋದೆ. ಮೇಜು ಅವಳಿಗೆ ಬೇಕಾಗಿತ್ತು.